ಕರಡಿಯ ಪಾಲಾದ ಮಂಡಿ ಕುಣಿತ

ವೇಷ ಕಟ್ಟದೆ ಕುಣಿಯಬಾರದಿತ್ತು. ಮಂಜಪ್ಪ ಹೆಗಡೆಯವರಿಗೆ ಈ ಬುದ್ಧಿ ಬಂದದ್ದು ಕುಣಿದು ಒಂದು ವರ್ಷವಾದ ಮೇಲೆ, ಶಿರಸಿಯ ಟಾಕೀಸಿನಲ್ಲಿ ಕೂತಾಗ.

ಹೆಗ್ಗರಣೆ ಕಡೆಯ ಈ ಯಕ್ಷಗಾನ ಕಲಾವಿದರ ಮಂಡಿ ಎಂದರೆ ಸಿದ್ದಾಪುರದಿಂದ ಯಲ್ಲಾಪುರದವರೆಗೂ ಹೆಸರು. ಮೊಣಕಾಲೂರಿ ಗಿರಗಿರನೆ ರಂಗಸ್ಥಳ ಸುತ್ತುವ ವೀರರ ಕುಣಿತ ಅದು. ಮೂವತ್ತು ವರ್ಷ ಕಾಲು ಸವೆಸಿ ಗಳಿಸಿದ್ದು. ೨೦೦೮ರಲ್ಲಿ ಹೈದರಾಬಾದಿನ ಸ್ಟುಡಿಯೊ ಒಂದರವರು ಸಿನಿಮಾಕ್ಕೆಂದು ಅವರನ್ನು ಕರೆಸಿ, ಮೈಗಂಟುವ ಕಪ್ಪಂಗಿ ತೊಡಿಸಿ, ಕೀಲುಕೀಲಿಗೂ ಬಿಳಿ ಗುಂಡು ಅಂಟಿಸಿದರು. ಸುತ್ತ ನಲವತ್ತು ಕ್ಯಾಮೆರಾ. ಅವು ಮುಖ ನೋಡುವುದಿಲ್ಲವಂತೆ, ಗುಂಡು ಅಲ್ಲಾಡಿದ್ದನ್ನಷ್ಟೇ ಹಿಡಿದು ಕಂಪ್ಯೂಟರಿಗೆ ಕೊಡುತ್ತವಂತೆ. ಹೊಳೆಯುತ್ತದೆಂದು ಗೆಜ್ಜೆಯನ್ನೂ ಬಿಚ್ಚಿಸಿದರು.

"ವೇಷ ಯಾವುದು?" ಎಂದು ಹೆಗಡೆ ಕೇಳಿದರು.

"ವೇಷ ಆಮೇಲೆ ನಾವೇ ಹಾಕ್ತೀವಿ ಸಾರ್. ನೀವು ಕುಣೀರಿ."

ಮೇಳದಲ್ಲಿ ವೇಷ ಹಂಚುವುದು ಭಾಗವತರು, ಮರುಮಾತಿಲ್ಲ. ಅದೇ ರೂಢಿಯಲ್ಲಿ ಹೆಗಡೆ ನೆಲಕ್ಕೆ ಮೊಣಕಾಲೂರಿದರು. ಹದಿನಾಲ್ಕು ಸಲ ಕುಣಿದರು. ಮೊಣಕಾಲಿನ ಚರ್ಮ ಕಿತ್ತುಬಂತು.

ಈಗ ಟಾಕೀಸಿನ ಪರದೆಯ ಮೇಲೆ ಆ ಮಂಡಿ ಹಾಕುತ್ತಿದ್ದದ್ದು ಕರಡಿ! ಮೂತಿಗೆ ಜೇನು ಮೆತ್ತಿಕೊಂಡ ಪೆದ್ದು ಕರಡಿ. ಎಡಕ್ಕೆ ತಿರುಗುವಾಗ ಬಲಭುಜ ತುಸು ಇಳಿಸುವ ಹೆಗಡೆಯವರ ಅಭ್ಯಾಸವೂ ಅದಕ್ಕಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಥೂ, ಇವರ ಮನೆ ಹಾಳಾಗ! ಮನುಷ್ಯನ ಬೆವರು ಬೇಕು, ಮನುಷ್ಯ ಬೇಡ.

ಕೊನೆಯಲ್ಲಿ ಹೆಸರುಗಳು ಓಡಿದವು. ಚಹಾ ಕೊಟ್ಟವರ ಹೆಸರೂ ಬಂತು.

"ನಿಂಗಳ ಹೆಸ್ರೇ ಬಂಜಿಲ್ಲೆ," ಎಂದರು ಹೆಂಡತಿ ದೇವಕಿ.

"ಕಂಪ್ಯೂಟರ್ ಕುಣದ್ದಡ," ಹೆಗಡೆ ಹಲ್ಲು ಕಡಿದರು. ಮರುದಿನ ಸ್ಟುಡಿಯೊಗೆ ಫೋನ್ ಮಾಡಿ ಜಾಡಿಸಿದರೆ, ಆ ಕಡೆಯವನು ನೀವು ಸಹಿ ಹಾಕಿದ ಕಾಗದ ಓದಿಕೊಳ್ಳಿ ಎಂದು ಇಟ್ಟುಬಿಟ್ಟ. ಕಾಗದ ಇಂಗ್ಲಿಷಿನಲ್ಲಿತ್ತು.

ಮುಂದಿನ ತಿಂಗಳು ಹುಲೇಕಲ್ಲಿನಲ್ಲಿ ಆಟ. ಹೆಗಡೆಯವರದು ರಾಜಕುಮಾರನ ವೇಷ. ಮದ್ದಳೆ ಏರಿತು, ಹೆಗಡೆ ಮಂಡಿಗೆ ಇಳಿದರು. ಎರಡು ಸುತ್ತಾಗಿರಲಿಲ್ಲ, ಮುಂದೆ ಕೂತ ಮಕ್ಕಳೆಲ್ಲ ಎದ್ದು ಕೂಗಿದವು: "ಕರಡಿ ಡ್ಯಾನ್ಸ್! ಕರಡಿ ಡ್ಯಾನ್ಸ್!"

"ಹೆಗಡೇರೂ ಸಿನ್ಮಾ ನೋಡಿ ಕಲ್ತಿದ್ರಲೋ!" ಎಂದ ಒಬ್ಬ ದೊಡ್ಡವನು, ಮೆಚ್ಚುಗೆಯಿಂದಲೇ.

ಹೆಗಡೆ ತಟ್ಟನೆ ಎದ್ದು ನಿಂತರು. ವೇಷದಲ್ಲಿದ್ದೇನೆ ಎನ್ನುವುದನ್ನೂ ಮರೆತು, ‘ನಾನು’ ಎಂಬುದು ‘ಆನು’ ಆಗುವ ಮನೆಮಾತಿನಲ್ಲಿ ಅಬ್ಬರಿಸಿದರು: "ಕರಡಿ ಅಲ್ಲ ಅದು! ಆನು! ಆನೇ ಕುಣದ್ದು!"

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದರು.