ಪ್ರಸನ್ನ ಹೇಳಿಹೋದ ಮಾತು

ಶಕುನ, ಅಪಶಕುನ ಎಂದರೆ ನಗುತ್ತಿದ್ದವನು ನಾನು. ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಯ ಪಾಲಕ. ಯುವಜನ ಕೂಟದಲ್ಲಂತೂ ಇಂಥ ನಂಬಿಕೆಗಳನ್ನು ಚೆನ್ನಾಗಿ ಜಾಡಿಸುತ್ತಿದ್ದೆ. ಈಗಲೂ ಜಾಡಿಸುತ್ತೇನೆ. ಆದರೂ ತೊಂಬತ್ತರ ದಶಕದ ಆರಂಭದಲ್ಲಿ ಕಾಶಿಯಲ್ಲಿ ನಡೆದ ಇದೊಂದನ್ನು ನಿಮ್ಮಿಂದ ಮುಚ್ಚಿಡಲಾರೆ.

ಆಗ ಕಂಟೋನ್ಮೆಂಟಿನ ನಮ್ಮ ಪುಟ್ಟ ಸಭೆಯಲ್ಲಿ ನನ್ನ ಮನೆ ಬಿಟ್ಟರೆ ಕನ್ನಡದ ಮನೆ ಸುಲೋಚನಮ್ಮನವರದೊಂದೇ. ಗಂಡ ತೀರಿಕೊಂಡಿದ್ದರು. ಅವರಿಗಿದ್ದವನು ಒಬ್ಬನೇ ಮಗ ಪ್ರಸನ್ನ. ನಮ್ಮ ಕೂಟದಲ್ಲಿ ಢೋಲಕ್ ಬಾರಿಸುತ್ತಿದ್ದ. ಅಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಅವನ ಕನ್ನಡಕ್ಕೆ ಹಿಂದಿಯದೇ ದಾರಿ. ಹೊರಡುವಾಗ ‘ಜಾತಾ ಹೂಂ’ ಎಂಬುದನ್ನೇ ಕನ್ನಡಕ್ಕೆ ತಿರುಗಿಸಿ ‘ಹೋಗ್ತೀನಿ’ ಎನ್ನುತ್ತಿದ್ದ. ತಾಯಿಯ ಎದೆ ಧಸಕ್ಕೆನ್ನುತ್ತಿತ್ತು.

“ಹಾಗನ್ಬಾರ್ದು ಕಣೋ, ಹೋಗಿ ಬರ್ತೀನಿ ಅನ್ನು.”

“ಏಕ್ ಹೀ ಬಾತ್ ಹೈ ಅಮ್ಮಾ, ಎರಡೂ ಒಂದೇ” ಎಂದು ಅವನು ನಗುತ್ತಿದ್ದ. ನಾನೂ ಅವನ ಪಕ್ಷವೇ.

ಒಂದು ಚಳಿಗಾಲದಲ್ಲಿ ಮಿರ್ಜಾಪುರದ ಯುವಜನ ಶಿಬಿರ ಮುಗಿಸಿ ಸಂಜೆ ಮನೆಗೆ ಬಂದೆ. ಜಗಲಿಯಲ್ಲಿ ಕುಳಿತು ಬೂಟು ಬಿಚ್ಚುತ್ತಿದ್ದಾಗ ಗೇಟಿನ ಬಳಿ ಪ್ರಸನ್ನ ನಿಂತಿದ್ದ. “ಹೋಗಿ ಬರ್ತೀನಿ ಅಯ್ಯನೋರೆ” ಎಂದ, ಸ್ಪಷ್ಟವಾಗಿ. ಅಂತೂ ಕಲಿತನಲ್ಲ ಎಂದು ಖುಷಿಯಾಯಿತು. ಉತ್ತರ ಕೊಟ್ಟೆ, ಹೊರಟುಹೋದ.

ಸ್ವಲ್ಪ ಹೊತ್ತಿಗೇ ಸಭೆಯ ಹಿರಿಯರೊಬ್ಬರು ಸ್ಕೂಟರಿನಲ್ಲಿ ಬಂದರು. ಪ್ರಸನ್ನನಿಗೆ ಮಿದುಳು ಜ್ವರವಂತೆ, ಭೇಲೂಪುರದ ನರ್ಸಿಂಗ್ ಹೋಮಿನಲ್ಲಿ ಹಿಂದಿನ ದಿನದಿಂದ ಪ್ರಜ್ಞೆಯಿಲ್ಲದೆ ಮಲಗಿದ್ದಾನಂತೆ, ಡಾಕ್ಟರು ಕೈಚೆಲ್ಲಿದ್ದಾರಂತೆ. ನಾನು ಹೋಗುವಷ್ಟರಲ್ಲಿ ಬಾಗಿಲಾಚೆ ಸಮಾಧಿಯ ಜಾಗದ ಪಿಸುಮಾತು ನಡೆದಿತ್ತು. ನನಗೆ ಸಿಟ್ಟು ಬಂತು.

“ಅವನು ಬರ್ತಾನಮ್ಮ. ಈಗ ತಾನೇ ನನಗೆ ಹೋಗಿ ಬರ್ತೀನಿ ಅಂತ ಹೇಳಿದಾನೆ” ಎಂದು ಸುಲೋಚನಮ್ಮನವರಿಗೆ ಗಟ್ಟಿಯಾಗಿಯೇ ಹೇಳಿದೆ. ಹಿರಿಯರು ನನ್ನನ್ನು ಹುಚ್ಚನಂತೆ ನೋಡಿದರು. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ, ಒಂದಿಷ್ಟೂ ಅನುಮಾನವಿರಲಿಲ್ಲ. ಮಾರನೆಯ ದಿನ ಪ್ರಸನ್ನ ಕಣ್ಣು ಬಿಟ್ಟು ನೀರು ಕೇಳಿದ.

ಅವನಿಗೆ ಏನೂ ನೆನಪಿಲ್ಲ. ಪ್ರಯಾಣದ ಆಯಾಸಕ್ಕೆ ನಿಮಗೆ ಹಾಗೆ ಕಂಡಿರಬೇಕು ಎಂದರು ಹಿರಿಯರು. ಇರಬಹುದು, ನಾನು ವಾದಿಸಲಿಲ್ಲ. ಸುಲೋಚನಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದರು:

“ಆಗ ನೀವೇನಂದ್ರಿ ಅಯ್ಯನೋರೆ?”

“ಹೋಗಿ ಬಾಪ್ಪಾ ಅಂದೆ.”

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಹೊರಟವರಿಗೆ ತಲೆಯೆತ್ತದೆ ‘ಹೂಂ’ ಎನ್ನುವುದು ನನ್ನ ಅಭ್ಯಾಸ. ಆವತ್ತು ಬೂಟಿನ ಲೇಸು ಬಿಟ್ಟು, ಅವನ ಮುಖ ನೋಡಿ, ಬಾಯಿತುಂಬ ‘ಬಾ’ ಎಂದದ್ದೇಕೋ ನನಗಿನ್ನೂ ತಿಳಿದಿಲ್ಲ. ಬರೀ ‘ಹೂಂ’ ಅಂದಿದ್ದರೆ?