ಕಾಕಾ ರಿಂಗಿಗೆ ಇಳಿದ ಐತವಾರ

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗ ನನ್ನ ಗಂಡ ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತರು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಅದೇ ಕಾರ್ಖಾನೆಯ ಫಿಟರ್ ಒಬ್ಬರಿದ್ದರು. ಮೂಗು ಚಪ್ಪಟೆ, ಒಂದು ಕಿವಿ ಮುದುಡಿದ ಎಲೆಯ ಹಾಗೆ. ಮೊದಲ ದಿನ ಬಾವಿಯ ಹತ್ತಿರ ಅವರನ್ನು ಕಂಡು ಕೊಡ ಅಲ್ಲೇ ಬಿಟ್ಟು ಒಳಗೆ ಓಡಿದ್ದೆ. ಅವರೇ ಅದನ್ನು ತುಂಬಿಸಿ ನಮ್ಮ ಕಟ್ಟೆಯ ಮೇಲಿಟ್ಟು ಹೋದರು. ಅಂದಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು.

ಕಾಕಾ ಹರೆಯದಲ್ಲಿ ಮುಂಬಯಿಯಲ್ಲಿ ಬಾಕ್ಸರ್. ಟಿಕೀಟು ತೆಗೆದುಕೊಂಡು ಬಂದ ಜನರ ಮುಂದೆ ಗೋರಾ ಸಿಪಾಯಿಗಳ ಜೊತೆ ಗುದ್ದಾಡಿ ಹೊಟ್ಟೆ ಹೊರೆದವರು. ಮದುವೆಗೆ ಕಾಕು ಹಾಕಿದ ಶರತ್ತು ಒಂದೇ: ಇನ್ನು ಗುದ್ದಾಟ ಬಂದ್. ಕಾಕಾ ಹದಿನೈದು ವರ್ಷ ಆ ಮಾತು ನಡೆಸಿದ್ದರು.

ಆಗ ಊರಿಗೊಂದು ಸರ್ಕಸ್ ಬಂತು. ಅದರಲ್ಲೊಬ್ಬ ಪಂಜಾಬಿ ಬಾಕ್ಸರ್. ಅವನೆದುರು ಮೂರು ಸುತ್ತು ನಿಂತವರಿಗೆ ಬೆಳ್ಳಿ ಕಪ್ಪು ಬಹುಮಾನ ಎಂದು ಡಂಗುರ ಸಾರಿದರು. ಕಾರ್ಖಾನೆಯ ನಾಲ್ವರು ಗಟ್ಟಿ ಆಳುಗಳು ಹೋಗಿ ಮುಖ ಊದಿಸಿಕೊಂಡು ಬಂದರು. ಕಾಕು ಕಾಕಾನನ್ನು ಕೇಳಿಯೇ ಬಿಟ್ಟರು.

"ಹೋಗೂ ಮನಸೈತೇನ್ರಿ?"

"ಇಲ್ಲ."

"ಸುಳ್ಳ ಹೇಳಬ್ಯಾಡ್ರಿ. ಎರಡ ದಿನಾ ಆತು, ರೊಟ್ಟಿ ಮುರದ ಹಂಗ ಬಿಡಾಕತ್ತೀರಿ. ಹೋಗ್ರಿ. ಆದ್ರ ನಾನೂ ಬರತೇನಿ. ನಾ ಸಾಕಂದ್ರ ಸಾಕು."

ಐತವಾರ ಮಧ್ಯಾಹ್ನ ನಾನೂ ಕಾಕುವೂ ಹೆಂಗಸರ ಸಾಲಿನಲ್ಲಿ ಕೂತೆವು. ಮೊದಲ ಸುತ್ತಿನಲ್ಲೇ ಕಾಕಾನ ತುಟಿ ಒಡೆಯಿತು. "ಸಾಕನ್ರಿ ಕಾಕು!" ಎಂದೆ. ಅವರಿಗೆ ಕೇಳಿಸಲೇ ಇಲ್ಲ. ಕಣ್ಣು ಮಿಟುಕಿಸದೆ ಪಂಜಾಬಿಯ ಮುಖವನ್ನೇ ನೋಡುತ್ತಿದ್ದರು.

ಎರಡನೆಯ ಸುತ್ತಿಗೆ ಕಾಕು ಎದ್ದು ನಿಂತರು. "ಬಲಗೈ ಬಂತು, ಬಗ್ಗ್ರಿ!"

ಕಾಕಾ ಬಗ್ಗಿದರು. ಗುದ್ದು ಗಾಳಿಗೆ ಹೋಯಿತು.

"ಎಡಗೈ! ಹಿಂದ ಸರೀರಿ!"

ಅದೂ ಗಾಳಿಗೆ. ಸೆರಗು ಜಾರಿದ್ದರ ಪರಿವೆಯೂ ಅವರಿಗಿರಲಿಲ್ಲ. ನಾನೇ ಎತ್ತಿ ಹೊದಿಸಿದೆ. ಜನ ನಕ್ಕು ನಕ್ಕು ಸುಸ್ತು. ಕನ್ನಡ ತಿಳಿಯದ ಪಂಜಾಬಿ, ಮೂರನೆಯ ಸುತ್ತಿನಲ್ಲಿ, ಯಾರಪ್ಪಾ ಹೀಗೆ ಕೂಗುವವರು ಎಂದು ನಮ್ಮ ಕಡೆ ತಿರುಗಿದ.

"ಈಗ ಹೊಡೀರಿ!"

ಕಾಕಾನ ಎಡಗೈ ಅವನ ಪಕ್ಕೆಗೆ ಬಿತ್ತು. ಆತ ಕುಂಡಿಯೂರಿ ಕೂತ. ಎದ್ದು ನಿಂತು ಸಾವರಿಸಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು. ಕಪ್ಪು ನಮ್ಮ ಓಣಿಗೆ ಬಂತು.

ಮರುದಿನ ಆ ಪಂಜಾಬಿ ಕಾಕಾನ ಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲಿ ಬಗ್ಗಿ ನಮಸ್ಕಾರ ಮಾಡಿ, ನನ್ನ ಗುದ್ದು ನಿಮಗೆ ಮೊದಲೇ ಹೇಗೆ ತಿಳೀತು ತಾಯಿ ಎಂದು ಹಿಂದಿಯಲ್ಲಿ ಕೇಳಿದ. ಕಾಕಾ ಅದನ್ನು ಕನ್ನಡಕ್ಕೆ ತಂದರು. ಕಾಕು ರೊಟ್ಟಿ ಬಡಿಯುತ್ತಲೇ ಹೇಳಿದರು:

"ಸಣ್ಣ ಹುಡುಗ್ರು ಅಕ್ಷರ ತಿದ್ದೂವಾಗ ನಾಲಿಗಿ ಹೊರಗ ಹಾಕ್ತಾರಲ್ಲ, ನೀನೂ ಹಂಗ ಹಾಕ್ತೀಯಪಾ. ನಾಲಿಗಿ ಯಾವ ಕಡೆ ಬಂತೋ ಆ ಕಡೆ ಗುದ್ದು."

ಕಾಕಾ ಅದನ್ನು ಹಿಂದಿಯಲ್ಲಿ ಹೇಳಿದಾಗ ಆತನ ಮುಖ ಕೆಂಪಾಯಿತು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕ. ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡು ರೊಟ್ಟಿಯ ಬುಟ್ಟಿ ಖಾಲಿ ಮಾಡಿಯೇ ಎದ್ದ.

ಸರ್ಕಸ್ ಇನ್ನೊಂದು ವಾರ ಇತ್ತು. ಆತ ತುಟಿ ಬಿಗಿದುಕೊಂಡು ಎಲ್ಲರನ್ನೂ ಕೆಡವಿದ. ಹೊಡೆತ ತಿಂದ ಕಾರ್ಖಾನೆಯ ಮಂದಿ, ಅವನಿಗ್ಯಾಕ ಗುಟ್ಟು ಹೇಳಿದ್ರಿ ಎಂದು ಕಾಕುವಿನ ಮೇಲೆ ಜಗಳಕ್ಕೇ ಬಂದರು.

"ಮನೀತನಕ ಬಂದ ಕೇಳಿದವಗ ಇಲ್ಲ ಅನ್ನಾಕ ಬರತೈತೇನು?" ಎಂದು ಕಾಕು ಅವರಿಗೂ ಚಹಾ ಕೊಟ್ಟರು.