ಲಾಕಪ್ಪಿಗೆ ಬುತ್ತಿ ಹೊತ್ತ ಸಾವಂತ್ರವ್ವ

ಮುಪ್ಪಿನಲ್ಲಿ ಬೆಳಗಾವಿಯ ಖಾಸಬಾಗದ ಮಗಳ ಮನೆ ಸೇರಿದ ಮೇಲೆ, ಓಣಿಯಲ್ಲಿ ಎಲ್ಲೋ ಕಳವಾಯಿತೆಂದು ಯಾರಾದರೂ ಬಂದು ಹೇಳಿದರೆ ಸಾವಂತ್ರವ್ವ ಮೂಗು ಮುರಿಯುತ್ತಿದ್ದಳು. "ಇವರ್ಯಾವ ಕಳ್ಳರು ಬಿಡು! ಕಳ್ಳರಂದ್ರ ನಮ್ಮ ಖಾನಾಪುರದ ಲಾಕಪ್ಪಿನ್ಯಾಗಿದ್ದವರು," ಎನ್ನುವಾಗ, ತವರಿನ ಸುದ್ದಿ ಬಂದಂತೆ ಮುಖ ಅರಳುತ್ತಿತ್ತು.

ಅದು ಸಾವಿರದ ಒಂಬೈನೂರಾ ಇಪ್ಪತ್ತಾರು-ಇಪ್ಪತ್ತೇಳರ ಸುಮಾರಿನ ಮಾತು. ಖಾನಾಪುರದ ಲಾಕಪ್ಪಿನಲ್ಲಿದ್ದವರಿಗೆ ಊಟ ಹೋಗುತ್ತಿದ್ದುದು ಸಾವಂತ್ರವ್ವನ ಖಾನಾವಳಿಯಿಂದ. ಗಂಡ ತೀರಿಕೊಂಡ ಮೇಲೆ ಆಕೆಯ ಕೈಹಿಡಿದದ್ದೇ ಆ ಗುತ್ತಿಗೆ. ಊರಿನ ಸಭ್ಯರೆಲ್ಲ ತಂತಮ್ಮ ಮನೆಯಲ್ಲೇ ಉಣ್ಣುತ್ತಿದ್ದರು. ಹೀಗಾಗಿ ಆಕೆಯ ಒಲೆ ಉರಿಯುತ್ತಿದ್ದುದು ಕಳ್ಳರ ದಯೆಯಿಂದಲೇ. ಬುಟ್ಟಿ ಹೊತ್ತು ತಾನೇ ಹೋಗಿ, ಸರಳುಗಳ ಸಂದಿಯಿಂದ ಬಡಿಸಿ, ಅವರು ಉಣ್ಣುವುದನ್ನು ಕೂತು ನೋಡುತ್ತಿದ್ದಳು. ಕನ್ನ ಹಾಕುವವನು ರೊಟ್ಟಿಗೂ ನಡುವೆ ತೂತು ಕೊರೆದೇ ಶುರುಮಾಡುತ್ತಾನೆ. ಕೋಳಿ ಕಳ್ಳ ಬಾಗಿಲ ಕಡೆ ಕಣ್ಣಿಟ್ಟು ನುಂಗುತ್ತಾನೆ. ಖೊಟ್ಟಿ ಕಾಗದ ಮಾಡಿ ಇನ್ನೊಬ್ಬರ ಹೊಲ ಹೊಡೆದವನು ಮಾತ್ರ ಉಪ್ಪು ಕಡಿಮೆ ಎನ್ನುತ್ತಾನೆ. ಅಂಥವನಿಗೆ ವಕೀಲರೂ ಇರುತ್ತಾರೆ.

ಅವರೆಲ್ಲರಲ್ಲಿ ಆಕೆಗೆ ಅಚ್ಚುಮೆಚ್ಚು ತಂಬಿಗೆ ಕಳ್ಳ ಕೃಷ್ಣಾಜಿ. ಬೆಳಗಾವಿಯಿಂದ ರೈಲು ಹತ್ತಿ ಬಂದು, ಬಾವಿಕಟ್ಟೆಯ ಮೇಲಿಟ್ಟ ಹಿತ್ತಾಳೆ ತಂಬಿಗೆ ಎತ್ತುತ್ತಿದ್ದ. ಎತ್ತಿದ್ದನ್ನು ಬೆರಳಿನಿಂದ ಬಾರಿಸಿ ನಾದ ಕೇಳದೆ ಅವನಿಗೆ ಸಮಾಧಾನವಿಲ್ಲ. ಪ್ರತಿಸಲ ಸಿಕ್ಕಿಬೀಳುತ್ತಿದ್ದುದೂ ಆ ಸದ್ದಿಗೇ. ಸಾವಂತ್ರವ್ವ ಮಾಡಿದ ಬದನೆಕಾಯಿ ಎಣ್ಣೆಗಾಯಿ ಬಾಯಿಗಿಟ್ಟರೆ ಕಣ್ಣು ಮುಚ್ಚಿಬಿಡುತ್ತಿದ್ದ.

"ಖರೇ ಹೇಳ್ತೀನಿ ಅವ್ವಾ, ಜಾಮೀನಾ ಬ್ಯಾಡ ಅನಸ್ತೈತಿ," ಎನ್ನುತ್ತಿದ್ದ.

ಹೀಗಿರುವಾಗ ಪೋಲೀಸ ಠಾಣೆಗೆ ಹೊಸ ಫೌಜದಾರ ಬಂದ. ಬಂದ ವಾರವೇ ಲಾಕಪ್ಪಿನ ಮುಂದೆ ಆಕೆಯನ್ನು ನಿಲ್ಲಿಸಿ, ಒಳಗಿದ್ದವರಿಗೆಲ್ಲ ಕೇಳುವಂತೆ ಗದರಿಸಿದ. "ಹಿಂಗ ಬೀಗರ ಊಟ ಹಾಕಿದ್ರ ಕಳ್ಳರು ಕಡಿಮಿ ಹೆಂಗ ಆಗ್ತಾರವಾ? ನಾಳೆ ನಾನೇ ಬಂದು ಕೇಳ್ತೀನಿ. ಊಟ ಛಲೋ ಐತಿ ಅಂತ ಒಬ್ಬ ಅಂದ್ರೂ ನಿನ್ನ ಗುತ್ತಿಗಿ ಹೋತು ಅಂತ ತಿಳಕೋ."

ಮರುದಿನ ಅಡುಗೆ ಕೆಡಿಸಬೇಕೆಂದೇ ಸಾವಂತ್ರವ್ವ ಒಲೆಯ ಮುಂದೆ ಕೂತಳು. ಕೈ ಕೇಳಲಿಲ್ಲ. ಎಂದಿಗಿಂತ ರುಚಿಯಾದ ಎಣ್ಣೆಗಾಯಿಯನ್ನೇ ಹೊತ್ತು ಹೋದಳು.

ಫೌಜದಾರ ಮೊದಲು ಕೇಳಿದ್ದು ಕೃಷ್ಣಾಜಿಯನ್ನೇ. ಕೃಷ್ಣಾಜಿ ಒಂದು ತುತ್ತು ಬಾಯಿಗಿಟ್ಟು ಥೂ ಎಂದು ಉಗುಳಿದ. "ಸಾಹೇಬ್ರ, ಕದ್ದದ್ದಕ್ಕ ಜೇಲಿಗೆ ಹಾಕ್ರಿ, ಒಪ್ಪತೀನಿ. ಈಕಿ ಕೈಯಾಗಿನ ಊಟ ಯಾವ ಕಾಯ್ದೆದಾಗ ಬರದೈತ್ರಿ?" ಉಳಿದವರೂ ಗೊಣಗಿದರು. ಉಪ್ಪು ಕಡಿಮೆ ಎಂದು ಮನಃಪೂರ್ವಕವಾಗಿ ಹೇಳಿದವನು ಖೊಟ್ಟಿ ಕಾಗದದವನೊಬ್ಬನೇ.

ಫೌಜದಾರನಿಗೆ ಪರಮಾನಂದವಾಯಿತು. "ಇಂಥಾದೇ ಹಾಕ್ಕೋತ ಹೋಗವಾ," ಎಂದ. ಗುತ್ತಿಗೆ ಉಳಿಯಿತು. ಸುಳ್ಳೆಂದು ಗೊತ್ತಿದ್ದರೂ ಆ 'ಥೂ' ಸಾವಂತ್ರವ್ವನಿಗೆ ಚುರುಕ್ಕೆಂದಿತ್ತು.

ಕೃಷ್ಣಾಜಿಗೆ ಶಿಕ್ಷೆಯಾಯಿತು. ಬೆಳಗಾವಿಯ ಹಿಂಡಲಗಾ ಜೇಲಿಗೆ ಒಯ್ಯುವ ದಿನ ಸಾವಂತ್ರವ್ವ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಸ್ಟೇಷನ್ನಿಗೆ ಓಡಿದಳು. ಬೇಡಿ ತೊಟ್ಟು ನಿಂತವನು ಬೆಳಗಿನಿಂದ ಉಪವಾಸ. ಬುತ್ತಿ ಮುಂದೆ ಚಾಚಿದ ಮೇಲಷ್ಟೇ, ಪೋಲೀಸರ ಹಿಂದೆ ಫೌಜದಾರ ನಿಂತದ್ದು ಆಕೆಗೆ ಕಂಡಿತು.

"ಏನವಾ, ಕಳ್ಳಗ ಬುತ್ತಿ?" ಎಂದು ಫೌಜದಾರ ಹುಬ್ಬೇರಿಸಿದ.

ಕೃಷ್ಣಾಜಿ ಬುತ್ತಿಯನ್ನೇ ನೋಡಿದ. ಉಗುಳು ನುಂಗಿದ. "ಈಕಿ ರೊಟ್ಟಿ ಜೇಲಿನ ತನಕಾ ನನ್ನ ಬೆನ್ನ ಹತ್ತಬೇಕೇನ್ರಿ? ಆಚೆ ತಗೀಯವಾ ಅದನ್ನ!" ಎಂದು ಇಡೀ ಸ್ಟೇಷನ್ನಿಗೆ ಕೇಳುವಂತೆ ಕೂಗಿ, ರೈಲಿನ ಡಬ್ಬಿ ಹತ್ತಿ ಕೂತ. ರೈಲು ಹೊರಟಿತು.

ಸಾವಂತ್ರವ್ವ ಬುತ್ತಿಯನ್ನು ಎದೆಗೆ ಅವಚಿಕೊಂಡು ಅಲ್ಲಿಯೇ ಕುಸಿದು ಕೂತು ಅತ್ತಳು. ಬೈಸಿಕೊಂಡದ್ದಕ್ಕೆ ಅಳುತ್ತಿದ್ದಾಳೆಂದು ಫೌಜದಾರನಿಗೂ ಕನಿಕರ ಬಂತು.

"ಹೋಗ್ಲಿ ಬಿಡವಾ," ಎಂದ. "ಕಳ್ಳನ ಮಾತಿಗೆ ಯಾಕ ಅಳ್ತಿ?"